ಶರೀಫಜ್ಜನ ಪದ ಇಂಪಾದ ಬಗೆ

ಶಿಶುನಾಳ ಶರೀಫರು ಗಿರಣಿಯ ಮೇಲೂ ಒಂದು ಪದ ಕಟ್ಟಿದ್ದಾರೆ. ಸೋರುವ ಮನೆಯ ಪದ, ಕೋಡಗವನ್ನು ಕೋಳಿ ನುಂಗುವ ಪದ ಬಾಯಿಪಾಠ ಇರುವ ಎಷ್ಟೋ ಜನ ಈ ಗಿರಣಿಯ ಪದವನ್ನು ಕೇಳಿರುವುದಿಲ್ಲ. 1819ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅಜ್ಜ, ತಮ್ಮ ಕೊನೆಗಾಲದಲ್ಲಿ ಈ ಸೀಮೆಗೆ ಉಗಿಯಂತ್ರ ಕಾಲಿಟ್ಟದ್ದನ್ನು ಕಂಡವರು. ಕಂಡದ್ದನ್ನೆಲ್ಲ ತತ್ವಕ್ಕೆ ತಿರುಗಿಸುವುದು ಅವರ ಸ್ವಭಾವ. ಯಂತ್ರವನ್ನೂ ಬಿಡಲಿಲ್ಲ.

ನಮ್ಮೂರ ಭಜನಾ ಮೇಳದಲ್ಲಿ ಆ ಪದ ಎತ್ತುತ್ತಿದ್ದವರು ನಮ್ಮ ಕಾಕಾ. ಹರೆಯದಲ್ಲಿ ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ದುಡಿದು, ಕಿವಿ ಅರ್ಧ ಮಂದ ಮಾಡಿಕೊಂಡು ಹೊಲಕ್ಕೆ ಮರಳಿದ್ದರು. ಪದ ಎತ್ತುವ ಮೊದಲು ದಮ್ಮಡಿ ಹಿಡಿದವನ ಕಡೆ ತಿರುಗಿ, "ಪಟ್ಟಾ ಬಡದಂಗ ಬಡೀಬೇಕು ನೋಡು ತಮ್ಮಾ, ನಡಕ ಉಸುರು ತಗೀಬ್ಯಾಡ" ಎನ್ನುತ್ತಿದ್ದರು. ಪಟ್ಟಾ ಅಂದರೆ ಗಿರಣಿಯಲ್ಲಿ ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಓಡುವ ಅಗಲವಾದ ಬೆಲ್ಟು. ಅದರ ಜೋಡಣೆ ಗಾಲಿಯ ಮೇಲೆ ಬಂದಾಗಲೆಲ್ಲ ಒಂದು ಪೆಟ್ಟು. ಹಗಲೂ ರಾತ್ರಿ ಅದೇ ಪೆಟ್ಟು. ಆ ಲಯವನ್ನು ಕಾಕಾ ಮೈಯಲ್ಲಿ ಹೊತ್ತು ತಂದಿದ್ದರು. ಮೇಳದ ಎಲ್ಲ ತಾಳಗಳೂ ಒಟ್ಟಿಗೆ ಬೀಳತೊಡಗಿದರೆ ಗುಡಿಯ ಕಲ್ಲಿನ ಕಂಬಕ್ಕೆ ಒರಗಿ ಕೂತವರ ಬೆನ್ನಿಗೆ ಅದು ತಾಗುತ್ತಿತ್ತು. ನಾನು ಆ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದೆ. ಎಷ್ಟು ಜೋರಾಗಿ ಬಾರಿಸಿದರೂ ನನ್ನ ಪೇಟಿ ಕೇಳುತ್ತಿರಲಿಲ್ಲ, ಕೇಳಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ.

ಇಂದು ಶರೀಫರ ಪದ ಎಂದರೆ ನಾಡಿನ ಬಹುಪಾಲು ಜನರ ಕಿವಿಗೆ ಬರುವುದು ಕೊಳಲು, ಸಿತಾರು, ತಬಲಾಗಳ ನಡುವೆ ಒಬ್ಬ ಗಾಯಕರ ದನಿ. ಆ ಗಡಚಿಕ್ಕುವ ಸದ್ದಿನಿಂದ ಈ ಇಂಪಿಗೆ ಪದ ಹೇಗೆ ಬಂದಿತು ಎನ್ನುವುದು ಒಬ್ಬಿಬ್ಬರ ಕೆಲಸದ ಕತೆಯಲ್ಲ. ನೂರು ವರ್ಷದ ಕತೆ. ಅದರ ಬಹುಭಾಗ ಹಾನಗಲ್ಲು, ಹಿರೇಕೆರೂರು, ಸವಣೂರು, ಶಿಗ್ಗಾಂವಿ ಎಂಬ ಈ ನಾಲ್ಕು ತಾಲ್ಲೂಕುಗಳ ಮಣ್ಣಿನ ಜನರಿಂದಲೇ ನಡೆಯಿತು ಎನ್ನುವುದು ನನಗೆ ಹೆಮ್ಮೆ. ಆ ಹೆಮ್ಮೆಯ ಜತೆಗೆ ಒಂದು ಸಂಕಟವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅಜ್ಜನ ಕಾಲದ ಸದ್ದು ಎಂಥದಿತ್ತು ಎಂದು ನೋಡಬೇಕು. ಈಗ ನಾವು ಭಜನೆ ಎಂದ ಕೂಡಲೇ ಮುಂದಿಡುವ ಪೇಟಿ ಆಗ ಹಳ್ಳಿಗೆ ಬಂದಿರುವುದು ಅಸಾಧ್ಯ. ಕಾಲಿನಿಂದ ತುಳಿದು ಬಾರಿಸುವ ಹಾರ್ಮೋನಿಯಂ ಫ್ರಾನ್ಸಿನಲ್ಲಿ ಹುಟ್ಟಿದ್ದೇ 1840ರ ಸುಮಾರಿಗೆ. ಕೂತು ಒಂದು ಕೈಯಿಂದ ಗಾಳಿ ಹಾಕುವ ಪೇಟಿಯನ್ನು ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಮಾಡಿದ್ದು 1875ರಲ್ಲಿ. ಅಲ್ಲಿಂದ ನಾಟಕದವರ ಕೈಗೆ ಬಂದು, ನಾಟಕದವರಿಂದ ಹಳ್ಳಿಯ ಗುಡಿಗೆ ಬರಲು ಇನ್ನೂ ಮೂವತ್ತು ನಲವತ್ತು ವರ್ಷ ಬೇಕಾಯಿತು. ಹಾಗಾಗಿ ಅಜ್ಜನ ಪದಕ್ಕೆ ಇದ್ದದ್ದು ಏಕತಾರಿಯ ಒಂದೇ ಸುರ, ದಮ್ಮಡಿ, ತಾಳ, ಚಿಟಿಕೆ, ಹಾಡುವವರ ಗಂಟಲು. ಶರೀಫರು ಮೊಹರಂ ಹಬ್ಬಕ್ಕೂ ಪದ ಕಟ್ಟಿದವರು. ಅಲಾಯಿ ಹೆಜ್ಜೆಗೆ ಹಾಡುವ ರಿವಾಯತ್ ಪದಕ್ಕೆ ಹಲಗೆಯ ಪೆಟ್ಟೇ ಆಧಾರ. ಹೆಜ್ಜೆ ಹಾಕುವವರ ಕಾಲಿನ ಸಪ್ಪಳವೂ ಅಲ್ಲಿ ಒಂದು ವಾದ್ಯ. ಕಳಸದ ಗೋವಿಂದ ಭಟ್ಟರ ಶಿಷ್ಯ, ಇಮಾಮ ಸಾಹೇಬರ ಮಗ, ಎರಡೂ ಕಡೆಯ ಸದ್ದನ್ನು ಒಂದೇ ಎದೆಯಲ್ಲಿ ಇಟ್ಟುಕೊಂಡವರು. ಅವರು ತೀರಿದಾಗ ಎರಡೂ ಮತದವರು ತಮ್ಮ ತಮ್ಮ ವಿಧಿ ನಡೆಸಿದರು ಎಂದು ನಮ್ಮಲ್ಲಿ ಇಂದಿಗೂ ಹೇಳುತ್ತಾರೆ.

ಮೇಳದಲ್ಲಿ ಪದ ಹಾಡುವ ಕ್ರಮವನ್ನು ಕಾಣದವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಾಳು ಪಲ್ಲವನ್ನು ಎತ್ತುತ್ತಾನೆ. ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಹಿಮ್ಮೇಳ ಅದನ್ನು ಕಸಿದುಕೊಂಡು ಮುಗಿಸುತ್ತದೆ. ನುಡಿಗೆ ಹೋದಾಗ ಮುಂದಾಳು ಒಬ್ಬನೇ, ಪಲ್ಲಕ್ಕೆ ಮರಳಿದಾಗ ಎಲ್ಲರೂ. ಕೊನೆಯ ನುಡಿಗೆ ಏರು ಹಿಡಿಯುತ್ತದೆ. ತಾಳ ದುಪ್ಪಟ್ಟಾಗುತ್ತದೆ. ಕೂತವರು ಎದ್ದು ನಿಲ್ಲುತ್ತಾರೆ. ಅಂಕಿತ ಬರುವ ಹೊತ್ತಿಗೆ ಶಬ್ದಗಳು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ. ಇಷ್ಟೇ ಆಗಿದ್ದರೆ ಅದು ಬರೀ ಆವೇಶ. ನುಡಿ ನುಡಿಯ ನಡುವೆ ಮೇಳವನ್ನು ನಿಲ್ಲಿಸಿ, ಹಿರಿಯರೊಬ್ಬರು ಒಡಪು ಬಿಡಿಸುತ್ತಿದ್ದರು. ಕೋಳಿ ಯಾರು, ಕೋಡಗ ಯಾರು, ಮನೆ ಎಂದರೆ ಯಾವ ಮನೆ, ಮಾಳಿಗೆ ಸೋರುವುದು ಎಂದರೆ ಏನು. ಕೆಲವು ಸಲ ಎದುರು ಮೇಳದವರು ಸವಾಲು ಹಾಕುತ್ತಿದ್ದರು. ಅದಕ್ಕೆ ಉತ್ತರವಾಗಿ ಅಜ್ಜನದೇ ಇನ್ನೊಂದು ಪದ ಹಾಡಬೇಕು. ಉತ್ತರ ಸಿಕ್ಕದಿದ್ದರೆ ಬೆಳಗಿನವರೆಗೆ ಬಿಡುತ್ತಿರಲಿಲ್ಲ. ಒಂದು ಪದ ಅರ್ಧ ಗಂಟೆ ನಡೆದದ್ದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು ಧಾಟಿಯದು. ಪದಕ್ಕೆ ಒಂದೇ ಧಾಟಿ ಎಂಬುದು ಆಗ ಇರಲಿಲ್ಲ. ನಮ್ಮೂರಲ್ಲಿ ಒಂದು ಬಗೆ, ಹುಲಗೂರು ಕಡೆ ಒಂದು ಬಗೆ, ಕುಂದಗೋಳದ ಕಡೆಯವರು ಬಂದರೆ ಮತ್ತೊಂದು. ಬೇರೆ ಊರಿನ ಧಾಟಿ ಚೆಂದ ಎನಿಸಿದರೆ ಅದನ್ನು ಕಲಿತು ತರುವುದೇ ಜಾತ್ರೆಗೆ ಹೋಗುವುದಕ್ಕೆ ಒಂದು ಕಾರಣವಾಗಿತ್ತು.

ಈ ಸದ್ದಿಗೆ ಮೊದಲ ಸಕ್ಕರೆ ಬಿದ್ದದ್ದು ನಾಟಕದಿಂದ. ಹಿರೇಕೆರೂರು ತಾಲ್ಲೂಕು ಎಂದರೆ ಎಲ್ಲರೂ ಅಬಲೂರಿನ ಸರ್ವಜ್ಞನನ್ನು ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ಅದೇ ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರನ್ನು, ಶಾಂತಕವಿ ಎಂದು ಹೆಸರಾದವರನ್ನು, ಅಷ್ಟು ಜನ ನೆನೆಯುವುದಿಲ್ಲ. ಆ ಕಾಲಕ್ಕೆ ಈ ಭಾಗದಲ್ಲಿ ಮರಾಠಿ ನಾಟಕ ಕಂಪನಿಗಳದೇ ದರಬಾರು. ಕನ್ನಡದ ಜನ ಮರಾಠಿ ಹಾಡನ್ನು ಗುನುಗುತ್ತಾ ಮನೆಗೆ ಹೋಗುತ್ತಿದ್ದರು. ಅದನ್ನು ಸಹಿಸಲಾಗದೆ ಶಾಂತಕವಿಗಳು ಕನ್ನಡದಲ್ಲಿ ನಾಟಕ ಬರೆದು, ಗದುಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದರು. ಆ ನಾಟಕಗಳಲ್ಲಿ ಮಾತಿಗಿಂತ ಹಾಡು ಹೆಚ್ಚು. ನಾಟಕದ ಹಾಡನ್ನು ಪರದೆಯ ಮುಂದೆ ನಿಂತ ಒಬ್ಬ ನಟ ಹಾಡುತ್ತಾನೆ. ಸಾವಿರ ಜನ ಸುಮ್ಮನೆ ಕೇಳುತ್ತಾರೆ, ಚೆನ್ನಾಗಿದ್ದರೆ 'ಒನ್ಸ್ ಮೋರ್' ಎನ್ನುತ್ತಾರೆ. ನಮ್ಮ ಗುಡಿಯಲ್ಲಿ ಕೇಳುವವರೂ ಹಾಡುವವರೂ ಬೇರೆ ಬೇರೆ ಇರಲಿಲ್ಲ. ನಾಟಕ ಅವರನ್ನು ಬೇರೆ ಮಾಡಿತು. ಒಂಟಿ ದನಿಯ ಇಂಪಿಗೆ ಕಿವಿ ಒಗ್ಗಿದ್ದು ಅಲ್ಲಿಂದ.

ಹಾನಗಲ್ಲಿನ ಕತೆ ಇನ್ನೂ ದೊಡ್ಡದು. ಹಾನಗಲ್ಲ ಕುಮಾರಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಇಬ್ಬರು ಕುರುಡು ಅಣ್ಣತಮ್ಮಂದಿರನ್ನು ಕರೆತಂದು ಸಂಗೀತಕ್ಕೆ ಹಾಕಿದರು. ಅವರಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು ಮೊದಲು ಕಲಿತದ್ದು ಕರ್ನಾಟಕ ಸಂಗೀತ, ಆಮೇಲೆ ಹಿಂದೂಸ್ತಾನಿ. ಒಂದರಿಂದ ಇನ್ನೊಂದಕ್ಕೆ ದಾಟುವುದೆಂದರೆ ಗಂಟಲನ್ನೇ ಹೊಸದಾಗಿ ಕಟ್ಟಿಕೊಂಡಂತೆ. ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರು ಅವರ ಶಿಷ್ಯರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಕುರುಡ ಮಕ್ಕಳಿಗೆ ಅನ್ನ ಹಾಕಬೇಕು, ಪಾಠ ಹೇಳಬೇಕು. ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಆಶ್ರಮ ನಾಟಕ ಕಂಪನಿ ಕಟ್ಟಿತು. ರಾಗದ ಪಾಠ ಕಲಿತವರೇ ನಾಟಕದ ಹಾಡು ಕೂಡಿಸಿದರು, ಪೇಟಿ ಹಿಡಿದು ಪರದೆಯ ಪಕ್ಕ ಕೂತರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಶಾಲೆಯ ಸಂಗೀತ ಮಾಸ್ತರರಾದರು, ಮಠದ ಗವಾಯಿಗಳಾದರು, ಭಜನಾ ಮೇಳಗಳಿಗೆ ಸುರ ತಿದ್ದಿದರು. ನನಗೆ ಪೇಟಿಯ ಮನೆಗಳನ್ನು ತೋರಿಸಿಕೊಟ್ಟವರೂ ಆ ಆಶ್ರಮದ ನೆರಳಿನಿಂದ ಬಂದ ಒಬ್ಬ ಕುರುಡ ಗವಾಯಿಗಳೇ. ಕಾಳಿ ಎರಡರಲ್ಲಿ, ಅಂದರೆ ಎರಡನೆಯ ಕಪ್ಪು ಮನೆಯಲ್ಲಿ, ಸುರ ಹಿಡಿದು, "ಮೇಳ ಎಲ್ಲಿ ಹೋದರೂ ನೀ ಇಲ್ಲೇ ಇರು, ಅವರ ತಿರಿಗಿ ಬರತಾರ" ಎಂದು ಕಲಿಸಿದರು.

ಗಂಗೂಬಾಯಿ ಹಾನಗಲ್ಲರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ, ಏಕೆಂದರೆ ಅವರು ನಡೆದದ್ದು ಎದುರು ದಿಕ್ಕಿಗೆ. ಮನೆತನದ ಊರು ಹಾನಗಲ್ಲು, 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡಿನ ನೆರಳು ಬೀಳಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಹಾಡುವವರಿಗೆ ಮಾತ್ರ ಗೊತ್ತು ಅದೆಂಥ ತ್ಯಾಗ ಎಂದು. 1930ರ ದಶಕದ ಮೊದಲಲ್ಲಿ ಗ್ರಾಮಫೋನ್ ಕಂಪನಿ 'ಗಾಂಧಾರಿ ಹುಬಳೀಕರ' ಎಂಬ ಹೆಸರಿನಲ್ಲಿ ಗಂಗೂಬಾಯಿಯವರ ಹಗುರ ಹಾಡುಗಳನ್ನೂ ಮುದ್ರಿಸಿತು. ಆಗಿನದು ಎಳೆಯ, ತೆಳುವಾದ ಕಂಠ. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಡಸಾಯಿತು. ಆ ಗಡಸು ದನಿಯನ್ನೇ ಒಪ್ಪಿಕೊಂಡು, ಹಗುರ ಹಾಡನ್ನು ಬಿಟ್ಟು, ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಖ್ಯಾಲಿಗೆ ಬಾಳನ್ನೇ ಕೊಟ್ಟರು. ಇಂಪು ಎಂದರೆ ತೆಳು ದನಿಯೇ ಆಗಬೇಕಿಲ್ಲ ಎಂದು ನಮ್ಮ ಸೀಮೆಯ ಹೆಣ್ಣುಮಗಳೇ ಜಗತ್ತಿಗೆ ತೋರಿಸಿಕೊಟ್ಟರು.

ಸವಣೂರು ನವಾಬರ ಊರು, ಎಲೆಬಳ್ಳಿಯ ಊರು. ಹಾಡಿನ ಈ ಕತೆಯಲ್ಲಿ ಅದರ ಪಾಲು ಒಬ್ಬ ಕವಿಯ ಮೂಲಕ ಬಂತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಧಾರವಾಡದ ಗೆಳೆಯರ ಗುಂಪಿನಲ್ಲಿ ಬೇಂದ್ರೆಯವರ ಜತೆ ಬೆಳೆದವರು. ಆ ತಲೆಮಾರು ಕನ್ನಡಕ್ಕೆ ಭಾವಗೀತೆ ತಂದಿತು. ಹಾಡಲೆಂದೇ ಇರುವ, ಆದರೆ ಗುಡಿಗೂ ಮಠಕ್ಕೂ ಸೇರದ, ಒಬ್ಬ ಮನುಷ್ಯನ ಒಳಗಿನ ಮಾತು. ಅದನ್ನು ಮೇಳ ಹಾಡಲಾಗದು, ಒಬ್ಬರೇ ಹಾಡಬೇಕು. ಪಿ. ಕಾಳಿಂಗರಾಯರು ಅದನ್ನು ಸಭೆಗೆ ತಂದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡದ ಕವಿತೆ ಹಾಡಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಸಿಗತೊಡಗಿತು.

ನಡುವೆ ಆಕಾಶವಾಣಿಯ ಮಾತು ಒಂದಿಷ್ಟು. ಧಾರವಾಡ ನಿಲಯ ಆರಂಭವಾದದ್ದು 1950ರಲ್ಲಿ. ಆ ಹೊತ್ತಿಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟು ಹತ್ತು ವರ್ಷವಾಗಿತ್ತು. 1940ರಿಂದ 1971ರವರೆಗೆ ಆ ನಿಷೇಧ ನಡೆಯಿತು. ಆ ವಾದ್ಯದ ಸುರಗಳು ನಮ್ಮ ರಾಗಗಳಿಗೆ ಹೊಂದುವುದಿಲ್ಲ, ಸುರದಿಂದ ಸುರಕ್ಕೆ ಜಾರುವ ಮೀಂಡ ಬರುವುದಿಲ್ಲ ಎಂಬುದು ವಿದ್ವಾಂಸರ ವಾದ. ವಾದ ಸರಿಯೇ ಇರಬಹುದು. ಹಳ್ಳಿಯ ಗುಡಿಗೆ ಸುರ ಕೊಟ್ಟ ವಾದ್ಯ ಅದೊಂದೇ ಎಂಬುದೂ ಅಷ್ಟೇ ಸರಿ.

ಈಗ ಸಿ. ಅಶ್ವಥ್ ಅವರ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯವರಲ್ಲ, 1939ರಲ್ಲಿ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐಟಿಐನಲ್ಲಿ 27 ವರ್ಷ ನೌಕರಿ ಮಾಡಿದವರು. ಪಾಳಿ, ಸೈರನ್ನು, ಯಂತ್ರಗಳ ನಡುವೆ ಬದುಕು ಸಾಗಿಸುತ್ತಾ ಸಂಜೆ ನಾಟಕಗಳಿಗೆ ಸಂಗೀತ ಕೊಟ್ಟರು, 1977ರ 'ಕಾಕನಕೋಟೆ' ಸಿನಿಮಾದ ಮೂಲಕ ಚಿತ್ರಸಂಗೀತಕ್ಕೆ ಬಂದರು. ರಂಗದ ಮೇಲಿನ ಹಾಡು ಮೈಕಿಲ್ಲದೆ ಕೊನೆಯ ಸಾಲಿಗೆ ತಲುಪಬೇಕು. ಅವರ ಎದೆ ತುಂಬಿದ ದನಿಗೆ ಆ ಅಭ್ಯಾಸವೂ ಕಾರಣ ಎಂದು ನನ್ನ ನಂಬಿಕೆ. ಅಲ್ಲಿಂದ ಅವರು ಭಾವಗೀತೆಯ ಇಂಪಿಗೆ ಹೊರಳಿದರು. ಕವಿತೆಯ ಒಂದೊಂದು ಶಬ್ದಕ್ಕೂ ಜಾಗ ಮಾಡಿಕೊಟ್ಟು ರಾಗ ಕಟ್ಟುವುದು ಅವರ ಪದ್ಧತಿ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯನ್ನು ಮನೆಮನೆಯ ಹಾಡು ಮಾಡಿದವರಲ್ಲಿ ಅವರೂ ಒಬ್ಬರು.

ಅವರ ಕೈಗೆ ಶರೀಫರನ್ನು ಕೊಟ್ಟವರು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಶಿವಮೊಗ್ಗದ ಭಟ್ಟರು ಪದಗಳನ್ನು ಆಯ್ದು, ತಿದ್ದಿ, ಜನರ ಮುಂದಿಟ್ಟ ಬಗೆಗೆ ಜನ ಅವರನ್ನು 'ಶರೀಫ ಭಟ್ಟರು' ಎಂದೇ ಕರೆದರು. ಎಂಬತ್ತರ ದಶಕದಲ್ಲಿ ಶರೀಫರ ಪದಗಳ ಕ್ಯಾಸೆಟ್ ಬಂತು. ಬಂದದ್ದೇ ಬಸ್ ಸ್ಟ್ಯಾಂಡಿನ ಚಹಾದಂಗಡಿ, ಮದುವೆ ಮನೆಯ ಧ್ವನಿವರ್ಧಕ, ಟ್ರ್ಯಾಕ್ಟರಿನ ಟೇಪ್ ರೆಕಾರ್ಡರ್ ಎಲ್ಲ ಕಡೆ ಅಜ್ಜನೇ. ಮೈಸೂರಿನವರು, ಮಂಗಳೂರಿನವರು ನಮ್ಮ ಶಿಗ್ಗಾಂವಿ ಸೀಮೆಯ ಮಾತನ್ನು ಬಾಯಿ ತುಂಬ ಹಾಡತೊಡಗಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಅದೇ 1990ರ ಜ್ಞಾನಪೀಠ ಗೋಕಾಕರದು. ಪಕ್ಕಪಕ್ಕದ ತಾಲ್ಲೂಕಿನ ಇಬ್ಬರ ಹೆಸರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದೇಶದಲ್ಲೆಲ್ಲ ಕೇಳಿತು.

ಸಿನಿಮಾಕ್ಕೆ ನಮ್ಮ ಮೇಳದವರೆಲ್ಲ ಟ್ರೈಲರ್ ತುಂಬ ಕೂತು ಹೋಗಿದ್ದೆವು. ಹಾಡು ಬಂದಾಗಲೆಲ್ಲ ಕಾಕಾನ ಬಲಗೈ ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು, ನಡುನಡುವೆ ತಪ್ಪಿ ನಿಲ್ಲುತ್ತಿತ್ತು. ಚಿತ್ರದ ಲಯ ಅವರ ಲಯವಲ್ಲ. ಆದರೂ ಅವರ ಕಣ್ಣುಗಳು ಒದ್ದೆಯಾಗಿದ್ದವು. ಮರಳುವಾಗ ಹರೆಯದ ಹುಡುಗನೊಬ್ಬ, "ಅಜ್ಜಾ, ಇನ್ನ ಮ್ಯಾಲೆ ನಾವೂ ಹಿಂಗ ಹಾಡೂಣು" ಎಂದ. ಕಾಕಾ ತುಸು ಹೊತ್ತು ಬಿಟ್ಟು ಹೇಳಿದರು: "ಹಾಡ್ರೆಪಾ, ಚೆಂದ ಐತಿ. ಆದರ ಅದರಾಗ ನಮಗ ಹಾಡಾಕ ಜಾಗಾನ ಇಟ್ಟಿಲ್ಲಲ್ಲೋ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ನಾನು ಅನೇಕ ವರ್ಷ ಪೇಟಿಯಲ್ಲಿ ಎರಡೂ ಧಾಟಿಗಳನ್ನು ಹಿಡಿದು ನೋಡಿ ಅದರ ಅರ್ಥ ತಿಳಿದುಕೊಂಡೆ. ಮೇಳದ ಪದದಲ್ಲಿ ಮುಂದಾಳಿನ ಸಾಲು ಮುಗಿಯುವ ಮೊದಲೇ ಹಿಮ್ಮೇಳ ಒಳಗೆ ಬರುತ್ತದೆ. ಎರಡು ನುಡಿಗಳ ನಡುವಿನ ಬಿಡುವು ಒಡಪು ಬಿಡಿಸುವವರದು. ಕ್ಯಾಸೆಟ್ಟಿನ ಹಾಡಿನಲ್ಲಿ ಆ ಬಿಡುವು ಕೊಳಲಿನದು, ಸಿತಾರಿನದು. ಪದದ ಮೊದಲು ಒಂದು ವಾದ್ಯದ ಪೀಠಿಕೆ, ಪ್ರತಿ ನುಡಿಯ ಮೊದಲು ಒಂದು ತುಣುಕು, ಒಟ್ಟು ಐದಾರು ನಿಮಿಷದೊಳಗೆ ಮುಗಿಯಬೇಕು. ಅಶ್ವಥ್ ಅವರು ಹಿಮ್ಮೇಳವನ್ನು ಪೂರ್ತಿ ಬಿಟ್ಟವರಲ್ಲ. ಅವರ ದನಿಯಲ್ಲೂ ಮಣ್ಣಿನ ಒರಟು ಇತ್ತು, ತಾರಕ್ಕೆ ಹೋದರೆ ನಮ್ಮ ಏರು ನುಡಿಯ ನೆನಪು ಬರುತ್ತಿತ್ತು. ನಮ್ಮ ಭಾಗದ ಉಚ್ಚಾರವನ್ನು ಅವರು ಗೌರವದಿಂದ ಕಲಿತು ಹಾಡಿದರು. ನಾನು ಅವರಿಗೆ ಋಣಿ. ಅವರಿಲ್ಲದಿದ್ದರೆ ಅಜ್ಜ ಈ ಮೂರು ನಾಲ್ಕು ತಾಲ್ಲೂಕಿನ ಗಡಿಯೊಳಗೆ ಉಳಿಯುತ್ತಿದ್ದರು, ಬಹುಶಃ ನಮ್ಮ ಮಕ್ಕಳ ಕಾಲಕ್ಕೆ ಇಲ್ಲಿಯೂ ಇರುತ್ತಿರಲಿಲ್ಲ. ಈ ಮಾತನ್ನು ಜೋರಾಗಿ ಹೇಳಬೇಕು, ಏಕೆಂದರೆ ಜನಪದದ ಮೇಲಿನ ಪ್ರೀತಿಯಿಂದ ಕೆಲವರು ಕ್ಯಾಸೆಟ್ಟನ್ನು ಬೈಯುವುದನ್ನು ಕೇಳಿದ್ದೇನೆ. ಅವರು ಒಮ್ಮೆಯೂ ಅಮಾವಾಸ್ಯೆಯ ಭಜನೆಗೆ ಬಂದು ಕೂತವರಲ್ಲ.

ಇಂಥ ಹೊರಳು ನಮ್ಮಲ್ಲಿ ಮಾತ್ರ ಆದದ್ದಲ್ಲ. ಪುಣೆಯಲ್ಲಿ ಕೆಲಸದಲ್ಲಿರುವ ಮೊಮ್ಮಗ ಒಂದು ರಜೆಯಲ್ಲಿ ಇಂಗ್ಲೆಂಡಿನ ಹಾಡುಗಳನ್ನು ಕೇಳಿಸಿದ. ಅಲ್ಲಿ 1976ರಲ್ಲಿ ಕೆಲವರು ತಮ್ಮ ರೆಕಾರ್ಡ್ ಕಂಪನಿಗೆ 'ಇಂಡಸ್ಟ್ರಿಯಲ್ ರೆಕಾರ್ಡ್ಸ್' ಎಂದೇ ಹೆಸರಿಟ್ಟು ಕಾರ್ಖಾನೆಯ ಗದ್ದಲವನ್ನೇ ಸಂಗೀತ ಮಾಡಲು ಹೊರಟರಂತೆ. ಉಕ್ಕಿನ ಊರಾದ ಶೆಫೀಲ್ಡ್‌ನಲ್ಲಿ 1977ರಲ್ಲಿ ಹುಟ್ಟಿದ 'ಹ್ಯೂಮನ್ ಲೀಗ್' ಎಂಬ ತಂಡ ಮೊದಮೊದಲು ಸಿಂಥಸೈಜರಿನ ಒಣ, ಒರಟು ಸದ್ದಿನ ಹಾಡು ಮಾಡಿತು. 1980ರಲ್ಲಿ ತಂಡ ಒಡೆಯಿತು. ಉಳಿದವರು 1981ರಲ್ಲಿ 'ಡೇರ್' ಎಂಬ ಆಲ್ಬಂ ತಂದರು. ಅದೇ ಯಂತ್ರಗಳು, ಆದರೆ ಎಲ್ಲರೂ ಗುನುಗಬಹುದಾದ ಹಾಡು. ಇಡೀ ದೇಶವೇ ಕೊಂಡು ಕೇಳಿತು. ಮೊಮ್ಮಗ ಮೊದಲಿನದನ್ನೂ ಆಮೇಲಿನದನ್ನೂ ಒಂದರ ಹಿಂದೆ ಒಂದು ಹಾಕಿದ. ಮೊದಲಿನದು ಕೇಳುವಾಗ ನನಗೆ ಪಟ್ಟಾದ ಪೆಟ್ಟು ನೆನಪಾಯಿತು. ಆ ಊರಿನ ಭಾಗ್ಯವೆಂದರೆ ಅವರ ಹಳೆಯ ಸದ್ದು ರೆಕಾರ್ಡಿನಲ್ಲಿ ಇದೆ. ಇಂದಿಗೂ ಯಾರು ಬೇಕಾದರೂ ಹಾಕಿ ಕೇಳಬಹುದು. ಒರಟಾದದ್ದೂ ಉಳಿದಿದೆ, ಇಂಪಾದದ್ದೂ ಉಳಿದಿದೆ.

ನನ್ನ ಸಂಕಟ ಇದು. ನಮ್ಮಲ್ಲಿ ಇಂಪಾದದ್ದು ಮಾತ್ರ ಮುದ್ರಣವಾಯಿತು. ಕ್ಯಾಸೆಟ್ ಬಂದ ಹತ್ತು ವರ್ಷದೊಳಗೆ ಸುತ್ತಲಿನ ಮೇಳಗಳ ಧಾಟಿಗಳೆಲ್ಲ ಕ್ಯಾಸೆಟ್ಟಿನ ಧಾಟಿಗೆ ಬಂದು ನಿಂತವು. ಭಜನಾ ಸ್ಪರ್ಧೆಗಳಲ್ಲಿ ನಿರ್ಣಾಯಕರು ಕೂಡ ಅದನ್ನೇ ಸರಿ ಎಂದು ಅಂಕ ಕೊಡತೊಡಗಿದರು. ಒಂದು ಸ್ಪರ್ಧೆಯಲ್ಲಿ ನಮ್ಮ ಮೇಳ ಹಳೆಯ ಧಾಟಿಯಲ್ಲಿ ಹಾಡಿದ್ದಕ್ಕೆ 'ರಾಗ ತಪ್ಪಿದೆ' ಎಂದು ಬರೆದರು. ಮುಂದಾಳಿನ ಕೈಗೆ ಮೈಕು ಬಂತು, ಹಿಮ್ಮೇಳಕ್ಕೆ ಮೈಕು ಇಲ್ಲ, ಅದು ತಾನಾಗಿ ಸಣ್ಣದಾಯಿತು. ದಮ್ಮಡಿಯ ಜಾಗಕ್ಕೆ ಪ್ಯಾಡು, ಪೇಟಿಯ ಜಾಗಕ್ಕೆ ಕೀಬೋರ್ಡು. ಒಡಪು ಬಿಡಿಸುವ ಹಿರಿಯರು ಒಬ್ಬೊಬ್ಬರಾಗಿ ಹೋದರು. ಬೆಡಗಿನ ಪದವನ್ನು ಅರ್ಥ ಕೇಳದೆ ಹಾಡುವ ರೂಢಿ ಬಂತು. ಕೋಳಿ ಕೋಡಗವನ್ನು ನುಂಗಿದ್ದನ್ನು ಮಕ್ಕಳು ಈಗ ತಮಾಷೆಯ ಹಾಡೆಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುತ್ತಾರೆ. ಕುಣಿಯಲಿ, ಅದು ಸಂತೋಷವೇ. ಕುಣಿದಾದ ಮೇಲೆ ಅದರ ಅರ್ಥ ಹೇಳುವ ಒಬ್ಬರಾದರೂ ಅಲ್ಲಿರಬೇಕು. ಅಜ್ಜ ಅದನ್ನು ಕಟ್ಟಿದ್ದು ಗುರು ಪಾದದಲ್ಲಿ ತನ್ನನ್ನು ತಾನು ಕಳೆದುಕೊಳ್ಳುವುದನ್ನು ಹೇಳಲು.

ಗಿರಣಿಯ ಪದದ ಗತಿ ಕೇಳಿ. ಕಾಕಾ ಹೋದ ಮೇಲೆ ಆ ಲಯದಲ್ಲಿ ಅದನ್ನು ಹಾಡುವವರು ನಮ್ಮೂರಲ್ಲಿ ಯಾರೂ ಇಲ್ಲ. ಧಾಟಿ ನನ್ನ ಬೆರಳಿನಲ್ಲಿದೆ. ಪೆಟ್ಟು ಬೆರಳಿಗೆ ಬರುವಂಥದ್ದಲ್ಲ, ಅದಕ್ಕೆ ಎಂಟು ಹತ್ತು ಜನರ ಕೈ ಬೇಕು. ಹುಬ್ಬಳ್ಳಿಯ ಹಳೆಯ ಗಿರಣಿಗಳ ಸಪ್ಪಳವನ್ನು ಬಲ್ಲವರೂ ಈಗ ವಿರಳ.

ಗಂಗೂಬಾಯಿಯವರು 2009ರ ಜುಲೈನಲ್ಲಿ, ಅಶ್ವಥ್ ಅವರು ಅದೇ ವರ್ಷದ ಡಿಸೆಂಬರ್ 29ರಂದು, ತಮ್ಮ ಹುಟ್ಟಿದ ದಿನವೇ, ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರಿನಲ್ಲಿ, ಲಕ್ಷ್ಮೀನಾರಾಯಣ ಭಟ್ಟರು 2021ರಲ್ಲಿ ನಮ್ಮನ್ನು ಬಿಟ್ಟು ಹೋದರು. ಅವರ ಕೆಲಸವೆಲ್ಲ ಮುದ್ರಣದಲ್ಲಿ ಸಿಗುತ್ತದೆ. ಹೆಸರಿಲ್ಲದ ಮೇಳಗಳದು ಸಿಗುವುದಿಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಹರೆಯದವರಲ್ಲಿ ನನ್ನದೊಂದು ಬೇಡಿಕೆ. ಶ್ರಾವಣ ಸೋಮವಾರ, ಅಮಾವಾಸ್ಯೆ, ಮೊಹರಂ, ಯಾವ ನೆಪವಾದರೂ ಸರಿ, ನಿಮ್ಮೂರಲ್ಲಿ ಎಪ್ಪತ್ತು ದಾಟಿದ ಭಜನೆಯವರು, ರಿವಾಯತ್ ಹಾಡುವವರು ಎಲ್ಲಿದ್ದಾರೆಂದು ಕೇಳಿಕೊಂಡು ಹೋಗಿ. ಕ್ಯಾಸೆಟ್ ಬರುವ ಮೊದಲು ಈ ಪದ ಹೇಗೆ ಹಾಡುತ್ತಿದ್ದಿರಿ ಎಂದು ಕೇಳಿ. ಒಬ್ಬರನ್ನೇ ಕೂರಿಸಿ ಹಾಡಿಸಬೇಡಿ, ಜತೆಗೆ ತಾಳದವರನ್ನೂ ಹಿಮ್ಮೇಳದವರನ್ನೂ ಕೂಡಿಸಿ. ಮೊಬೈಲನ್ನು ಮುಂದಾಳಿನ ಬಾಯಿಯ ಹತ್ತಿರ ಹಿಡಿಯದೆ ಎಲ್ಲರ ನಡುವೆ ಇಡಿ. ಒಡಪು ಬಿಡಿಸುವಾಗ ರೆಕಾರ್ಡಿಂಗ್ ನಿಲ್ಲಿಸಬೇಡಿ, ಅದೂ ಪದದ ಭಾಗವೇ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ನಿಮ್ಮೂರ ಶಾಲೆಗೆ ಕೊಡಿ, ಇನ್ನೊಂದನ್ನು ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ತಲುಪಿಸಿ. ಅದು ಶಿಗ್ಗಾಂವಿ ತಾಲ್ಲೂಕಿನಲ್ಲೇ ಇದೆ, ದೂರವೇನಲ್ಲ.